ಸೈಡ್ ಮುಗಿಯುವ ಮುಂಚಿನ ಮೂರು ನಿಮಿಷ

ಹಿಂದೂಸ್ತಾನಿ ಖಯಾಲ್ ಗಾಯನದ ಎಲ್‌ಪಿ ರೆಕಾರ್ಡ್ ಕೇಳುವವರಿಗೆ ಒಂದು ಕಷ್ಟ ಗೊತ್ತಿರುತ್ತದೆ. ಸೈಡ್ ಶುರುವಾದಾಗ ಎಲ್ಲ ಚೆನ್ನ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಒಂದೊಂದೇ ಸ್ವರ ಬಿಡಿಸಿಕೊಂಡು ಹೋಗುತ್ತಾರೆ, ತಂಬೂರಿ ಹಿಂದೆ ನಿರಾಳವಾಗಿ ಝೇಂಕರಿಸುತ್ತದೆ. ಇಪ್ಪತ್ತು ನಿಮಿಷ ಕಳೆದು, ಲಯ ಏರಿ, ವೇಗದ ಸ್ವರಸರಣಿಗಳಾದ ತಾನ್‌ಗಳು ಬೀಳತೊಡಗಿದವು ಅನ್ನುವ ಹೊತ್ತಿಗೆ ದನಿ ಒಡೆಯುತ್ತದೆ. 'ಆ'ಕಾರದ ಅಂಚಿಗೆ ಮರಳು ಹತ್ತಿದ ಹಾಗೆ. ಸಿತಾರ್, ಸರೋದ್ ಆದರೆ ಕೊನೆಯ ವೇಗದ ಭಾಗವಾದ ಝಾಲಾದಲ್ಲಿ ಚಿಕಾರಿ ತಂತಿಗಳು ಕರ್ರ್ ಅನ್ನುತ್ತವೆ. ಗಾಯಕರು ಬೆಳೆಸಿ ಬೆಳೆಸಿ ತಂದು ನಿಲ್ಲಿಸಿದ ಜಾಗದಲ್ಲೇ ಯಂತ್ರ ಕೈಕೊಡುತ್ತದೆ.

ಇದಕ್ಕೆ ಕಾರಣ ತೀರಾ ಸರಳ. ಎಲ್‌ಪಿ ಹೊರಗಿನಿಂದ ಒಳಕ್ಕೆ ಓಡುತ್ತದೆ. ನಿಮಿಷಕ್ಕೆ 33⅓ ಸುತ್ತು ಅನ್ನುವುದೇನೋ ಕೊನೆಯವರೆಗೂ ಒಂದೇ, ಆದರೆ ಸುತ್ತಿನ ಉದ್ದ ಕಡಿಮೆಯಾಗುತ್ತ ಹೋಗುತ್ತದೆ. ಹೊರ ಅಂಚಿನಲ್ಲಿ ಸ್ಟೈಲಸ್‌ನ (ಮುಳ್ಳಿನ) ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗ್ರೂವ್ (ದನಿ ಕೆತ್ತಿದ ಗೀರು) ಸರಿದು ಹೋದರೆ, ಲೇಬಲ್ ಹತ್ತಿರ ಬರೇ 21. ಹತ್ತು ಕಿಲೋಹರ್ಟ್ಜ್‌ನ ಒಂದು ಅಲೆಗೆ ಹೊರಗೆ 51 ಮೈಕ್ರಾನ್ ಜಾಗ ಸಿಕ್ಕಿದ್ದು ಒಳಗೆ 21 ಮೈಕ್ರಾನ್‌ಗೆ ಇಳಿಯುತ್ತದೆ. ಸಿಂಫನಿಗಳಿಗೂ ಇದೇ ಪಾಡು, ಅವೂ ಕೊನೆಗೇ ಗುಡುಗುವುದು. ಸಿನಿಮಾ ಹಾಡಿನ ರೆಕಾರ್ಡಿಗೆ ಇದು ಅಷ್ಟು ತಾಗುವುದಿಲ್ಲ. ಆರನೇ ಹಾಡು ಮೊದಲನೆಯದಕ್ಕಿಂತ ಜೋರಾಗಿರಬೇಕೆಂಬ ನಿಯಮವೇನಿಲ್ಲವಲ್ಲ. ಖಯಾಲಿನವರಿಗೆ, ವಾದ್ಯಸಂಗೀತದವರಿಗೆ ತಪ್ಪಿಸಿಕೊಳ್ಳಲು ದಾರಿ ಇಲ್ಲ.

ನನ್ನ ಹತ್ತಿರ ಇರುವ ರೆಕಾರ್ಡುಗಳಲ್ಲಿ ಮುಕ್ಕಾಲು ಪಾಲು ಧಾರವಾಡದ ಸೋದರಮಾವ ಕೊಟ್ಟಿದ್ದು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು. ಬೆಂಗಳೂರಿಗೆ ಬಂದಾಗ ಮಾವ ಒಂದು ಸೈಡ್ ಪೂರ್ತಿ ಕೇಳಿ, ಕೊನೆಗೆ ಮುಖ ಸಿಂಡರಿಸಿ, "ಪ್ಲೇಟ್ ಕೆಟ್ಟಿಲ್ಲೋ ತಮ್ಮಾ, ನಿನ್ನ ಮುಳ್ಳ ಎಡವತದ. ತಾನ್ ಬಂದಾಗಷ್ಟ ಯಾಕ ಎಡವಬೇಕು ಅದು?" ಅಂದರು. ಟೋನ್ ಆರ್ಮ್, ಅಂದರೆ ಮುಳ್ಳನ್ನು ಹಿಡಿದು ರೆಕಾರ್ಡಿನ ಮೇಲೆ ಸಾಗುವ ತೋಳು, ಬದಲಿಸುವ ಹುಚ್ಚು ಹತ್ತಿದ್ದು ಆ ಪ್ರಶ್ನೆಯಿಂದ. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಸೈಡಿನ ಕೊನೆಯ ಮೂರು ನಿಮಿಷವನ್ನು ಮನಸ್ಸಿನಲ್ಲಿಟ್ಟುಕೊಂಡು ಆರ್ಮ್ ಆರಿಸಿದವನ ಮಾತು. ರಾಕ್ ಕೇಳುವವರು, ಡಿಜೆಗಳು ಬೇರೆ ಲೆಕ್ಕ ಹಾಕಬಹುದು.

ಗ್ರೂವ್ ಕೆತ್ತುವ ಯಂತ್ರದಲ್ಲಿ ಕಟ್ಟರ್ ಹೆಡ್ ಹೊರಗಿನಿಂದ ಒಳಕ್ಕೆ ನೇರ ಗೆರೆಯಲ್ಲಿ ಸಾಗುತ್ತದೆ. ನಮ್ಮ ಮನೆಯ ಆರ್ಮ್ ಮಾತ್ರ ಒಂದು ಮೂಲೆಯಲ್ಲಿ ಕೀಲು ಹಾಕಿದ ಬಾಗಿಲಿನ ಹಾಗೆ ಕಮಾನಿನಲ್ಲಿ ತಿರುಗುತ್ತದೆ. ನೇರ ಕೆತ್ತಿದ್ದನ್ನು ಕಮಾನಿನಲ್ಲಿ ಓದಿದರೆ ಕೋನ ತಪ್ಪುತ್ತದೆ, ಕೋನ ತಪ್ಪಿದಷ್ಟೂ ದನಿ ಕೆಡುತ್ತದೆ. ತಪ್ಪನ್ನು ಪೂರ್ತಿ ಅಳಿಸಲಾಗದು, ಎಲ್ಲಿ ಹಂಚಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿದೆ. ಆರ್ಮ್‌ನ ತುದಿಯ ಹೆಡ್‌ಶೆಲ್ಲನ್ನು ಸ್ವಲ್ಪ ಒಳಕ್ಕೆ ತಿರುಗಿಸಿ, ಸ್ಟೈಲಸ್ಸನ್ನು ನಡುವಿನ ಕಡ್ಡಿಯಾದ ಸ್ಪಿಂಡಲ್‌ಗಿಂತ ಒಂದಿಷ್ಟು ಮುಂದಕ್ಕೆ ಚಾಚಿಸಿದರೆ, ಇಡೀ ಸೈಡಿನಲ್ಲಿ ಎರಡು ಕಡೆ ಕೋನ ಕರಾರುವಾಕ್ಕಾಗಿ ಸರಿ ಬೀಳುತ್ತದೆ. ಆ ಎರಡು ಜಾಗ ಯಾವುವಾಗಬೇಕು ಅನ್ನುವುದರ ಮೇಲೆ ಗಣಿತಜ್ಞರು ಒಂದು ಕಾಲದಲ್ಲಿ ಬೇಕಾದಷ್ಟು ತಲೆ ಕೆಡಿಸಿಕೊಂಡಿದ್ದಾರೆ.

1938ರಲ್ಲಿ ಸ್ವೀಡನ್ನಿನ ಎರಿಕ್ ಲೋಫ್‌ಗ್ರೆನ್, 1941ರಲ್ಲಿ ಬೇರ್‌ವಾಲ್ಡ್, ಇಬ್ಬರೂ ಬಂದು ನಿಂತದ್ದು ಒಂದೇ ಉತ್ತರಕ್ಕೆ: ಇವತ್ತಿನ ಎಲ್‌ಪಿ ಅಳತೆಗೆ ಹೇಳುವುದಾದರೆ, ಕೇಂದ್ರದಿಂದ 66 ಮಿಲಿಮೀಟರ್ ಮತ್ತು 120.9 ಮಿಲಿಮೀಟರ್‌ನಲ್ಲಿ ತಪ್ಪು ಸೊನ್ನೆ. ಇದರಲ್ಲಿ ಒಟ್ಟಾರೆ ಗರಿಷ್ಠ ವಿಕೃತಿ ಅತ್ಯಂತ ಕಡಿಮೆ. 1966ರಲ್ಲಿ ಸ್ಟೀವನ್ಸನ್ ಬೇರೆ ದಾರಿ ಹಿಡಿದ. ರೆಕಾರ್ಡು ಕೊನೆಗೇ ಜೋರಾಗುತ್ತದೆ ತಾನೆ, ಹಾಗಿದ್ದರೆ ಒಳಗಿನ ಸೊನ್ನೆಯನ್ನು ಕೊಟ್ಟಕೊನೆಯ ಸುತ್ತಿಗೇ ಕಟ್ಟಿಹಾಕೋಣ ಎಂದು 60.3 ಮತ್ತು 117.4ಕ್ಕೆ ಇಳಿಸಿದ. ಸೈಡಿನ ಬಹುಭಾಗದಲ್ಲಿ ವಿಕೃತಿ ಸ್ವಲ್ಪ ಹೆಚ್ಚು, ಕೊನೆಯಲ್ಲಿ ಸೊನ್ನೆಯ ಹತ್ತಿರ. ಅಂತರ್ಜಾಲದಲ್ಲಿ ಸ್ಟೀವನ್ಸನ್‌ನನ್ನು ಬೈಯುವವರೇ ಜಾಸ್ತಿ. ತಾನ್ ಕೇಳುವ ನನ್ನಂಥವರಿಗೆ ಅವನೇ ನೆಂಟ.

ಕೋನದ ರಗಳೆಯೇ ಬೇಡ ಅನ್ನುವವರಿಗೆ ಲೀನಿಯರ್ ಟ್ರ್ಯಾಕಿಂಗ್ ಆರ್ಮ್ ಇದೆ, ಕಟ್ಟರ್‌ನ ಹಾಗೆಯೇ ನೇರ ಗೆರೆಯಲ್ಲಿ ಸಾಗುತ್ತದೆ. ಯಾಕೋಬ್ ಯೆನ್ಸನ್ ವಿನ್ಯಾಸ ಮಾಡಿದ ಬ್ಯಾಂಗ್ ಆ್ಯಂಡ್ ಓಲುಫ್ಸೆನ್‌ನ 1972ರ ಬಿಯೋಗ್ರಾಮ್ 4000 ನೋಡಿದರೆ ಇವತ್ತಿಗೂ ಕಣ್ಣು ಕೀಳಲಾಗದು. ಎಲ್‌ಪಿ ಕವರಿನಷ್ಟೇ ಅಗಲದ ಟೆಕ್ನಿಕ್ಸ್ ಎಸ್‌ಎಲ್-10 ಕೂಡ ಹಾಗೇ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ. ಆದರೆ ಅದರೊಳಗೆ ಮೋಟಾರ್, ಸೆನ್ಸರ್, ಸರ್ಕ್ಯೂಟ್ ಇರುತ್ತವೆ. ಐವತ್ತು ವರ್ಷದ ಹಳೆಯ ಅಂಥ ಸರ್ಕ್ಯೂಟ್ ಕೆಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲ ಬಿಡಿಭಾಗ ಸಿಕ್ಕೀತು, ಅದನ್ನು ಬಿಚ್ಚುವ ಧೈರ್ಯದವರು ಸಿಗುವುದು ಕಷ್ಟ. ಇನ್ನೊಂದು ದಾರಿ ಆರ್ಮನ್ನೇ ಉದ್ದ ಮಾಡುವುದು. ಒಂಬತ್ತು ಇಂಚಿನ ಬದಲು ಹನ್ನೆರಡು ಇಂಚಿನದ್ದು ಹಾಕಿದರೆ ಕೋನದ ತಪ್ಪು ಸುಮಾರು ಕಾಲು ಭಾಗ ಇಳಿಯುತ್ತದೆ. ಆದರೆ ಉದ್ದ ಹೆಚ್ಚಿದರೆ ತೂಕವೂ ಹೆಚ್ಚು, ನನ್ನ ಟರ್ನ್‌ಟೇಬಲ್ ಡೆಕ್‌ನಲ್ಲಿ ಅದಕ್ಕೆ ಜಾಗವೂ ಇಲ್ಲ. ಅಲ್ಲಿಗೆ ಅದನ್ನು ಕೈಬಿಟ್ಟೆ.

ತೂಕದ ಮಾತು ಬಂತು. ಆರ್ಮ್ ಕೊಳ್ಳುವವರು ಬಹಳ ಜನ ಬೇರಿಂಗು, ಲೋಹ, ಬ್ರಾಂಡು ನೋಡುತ್ತಾರೆ. ನೋಡಬೇಕಾದ ಮೊದಲ ಅಂಕಿ ಅದರ ಎಫೆಕ್ಟಿವ್ ಮಾಸ್, ಅಂದರೆ ಅಲುಗುವಾಗ ಸ್ಟೈಲಸ್‌ಗೆ ತಾಗುವ ಅದರ ಭಾರ. ಹೆಡ್‌ಶೆಲ್‌ಗೆ ಕೂರಿಸುವ ಕಾರ್ಟ್ರಿಜ್ ಎಂಬ ಪುಟ್ಟ ಡಬ್ಬಿಯೊಳಗೆ ಸ್ಟೈಲಸ್ ಒಂದು ಮೆತ್ತನೆಯ ರಬ್ಬರಿನ ಮೇಲೆ ಕೂತಿರುತ್ತದೆ, ಅದು ಸ್ಪ್ರಿಂಗು. ಆರ್ಮ್ ಆ ಸ್ಪ್ರಿಂಗಿನ ಮೇಲಿನ ಭಾರ. ಸ್ಪ್ರಿಂಗು ಮತ್ತು ಭಾರ ಸೇರಿದರೆ ಅವಕ್ಕೆ ತಮ್ಮದೇ ಒಂದು ಅನುರಣನ ಇದ್ದೇ ಇರುತ್ತದೆ. ಲೆಕ್ಕ ಇಷ್ಟೇ: ಆರ್ಮ್, ಕಾರ್ಟ್ರಿಜ್, ಸ್ಕ್ರೂ ಎಲ್ಲ ಸೇರಿದ ಗ್ರಾಮ್ ತೂಕವನ್ನು ಕಾರ್ಟ್ರಿಜ್‌ನ ಕಂಪ್ಲಯನ್ಸ್‌ನಿಂದ (ಆ ಸ್ಪ್ರಿಂಗು ಎಷ್ಟು ಮೆತ್ತಗೆ ಅನ್ನುವ ಅಂಕಿಯಿಂದ) ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ. ಬರುವ ಹರ್ಟ್ಜ್ 8ರಿಂದ 12ರ ನಡುವೆ ಇರಬೇಕು. ಅದಕ್ಕಿಂತ ಕೆಳಗಾದರೆ ಬಾಗಿದ ರೆಕಾರ್ಡಿನ ಏರಿಳಿತಕ್ಕೆ ಆರ್ಮ್ ಕುಣಿಯುತ್ತದೆ. ರೆಕಾರ್ಡು ಸೆಕೆಂಡಿಗೆ 0.55 ಸುತ್ತು ತಿರುಗುವಾಗ ಬಾಗಿನ ಕಂಪನಗಳು ಸುಮಾರು ಐದಾರು ಹರ್ಟ್ಜ್‌ವರೆಗೂ ಹಬ್ಬಿರುತ್ತವೆ. ಮೇಲಾದರೆ 20 ಹರ್ಟ್ಜ್‌ನ ಸಂಗೀತಕ್ಕೇ ತಾಗುತ್ತದೆ. ಅಟ್ಟದ ಮೇಲೆ ಬೇಸಿಗೆಗಳನ್ನು ಕಳೆದ ನಮ್ಮ ಕಡೆಯ ರೆಕಾರ್ಡುಗಳಿಗೆ ಕೆಳಗಿನ ಗಡಿ ತುಂಬ ಮುಖ್ಯ. ಸ್ಪೀಕರಿನ ವೂಫರ್ ಕೋನು ಶಬ್ದವಿಲ್ಲದೆ ಒಳಗೆ ಹೊರಗೆ ಆಡುತ್ತಿದ್ದರೆ ಲೆಕ್ಕ ತಪ್ಪಿದೆ ಅಂತಲೇ ಅರ್ಥ.

ಈ ಲೆಕ್ಕದಿಂದಾಗಿ 'ಅತ್ಯುತ್ತಮ ಆರ್ಮ್ ಯಾವುದು' ಅನ್ನುವ ಪ್ರಶ್ನೆಗೇ ಬೆಲೆ ಇಲ್ಲ. ಯಾವ ಕಾರ್ಟ್ರಿಜ್‌ಗೆ ಅಂತ ಕೇಳಬೇಕು. ನನ್ನದು ಆಡಿಯೋ-ಟೆಕ್ನಿಕಾ ವಿಎಂ540ಎಂಎಲ್. 6.4 ಗ್ರಾಮ್ ತೂಕ, 2 ಗ್ರಾಮ್ ಒತ್ತಡ, ಮೈಕ್ರೋಲೀನಿಯರ್ ತುದಿ. ತುದಿಯ ಆಕಾರವೂ ಒಳ ಸುತ್ತುಗಳ ಕಥೆಯಲ್ಲಿ ಪಾತ್ರಧಾರಿ. ಡೆನಾನ್ ಡಿಎಲ್-103 ಎಷ್ಟೋ ಜನರ ಇಷ್ಟದೈವ, ಅದರ ಮಧ್ಯಸ್ಥಾಯಿಯ ತುಂಬುದನಿಗೆ ನಾನೂ ಸೋತವನೇ. ಆದರೆ ಅದರ ತುದಿ ಗುಂಡಗೆ, 16.5 ಮೈಕ್ರಾನ್ ತ್ರಿಜ್ಯ. 21 ಮೈಕ್ರಾನ್ ಅಲೆಯ ತಗ್ಗಿನೊಳಗೆ ಅಷ್ಟು ದಪ್ಪದ ಗುಂಡು ಇಳಿಯುವುದಾದರೂ ಹೇಗೆ? ಮೈಕ್ರೋಲೀನಿಯರ್ ತುದಿಯ ಬದಿ ಸುಮಾರು 3 ಮೈಕ್ರಾನ್. ಕೊನೆಯ ಮೂರು ನಿಮಿಷಕ್ಕೆ ಅದೇ ಸರಿ. ಕಂಪ್ಲಯನ್ಸ್ ಓದುವಾಗ ಒಂದು ಎಚ್ಚರ: ಜಪಾನಿನ ಕಂಪನಿಗಳು ಅದನ್ನು 100 ಹರ್ಟ್ಜ್‌ನಲ್ಲಿ ಅಳೆದು ಕೊಡುತ್ತವೆ, ನಮ್ಮ ಲೆಕ್ಕಕ್ಕೆ ಬೇಕಾದದ್ದು 10 ಹರ್ಟ್ಜ್‌ನದ್ದು. ಅಂದಾಜು ಒಂದೂವರೆಯಿಂದ ಎರಡು ಪಟ್ಟು ಮಾಡಿಕೊಳ್ಳಬೇಕು. ಇದರದ್ದು 10 ಅಂತ ಬರೆದಿದೆ, ನಾನು 17 ಹಿಡಿದೆ. ಆರ್ಮ್ 11 ಗ್ರಾಮ್ ಇದ್ದರೆ ಸ್ಕ್ರೂ ಸೇರಿ ಒಟ್ಟು 18.4, ಉತ್ತರ 9 ಹರ್ಟ್ಜ್. ಅಂದರೆ ನನಗೆ ಬೇಕಿದ್ದು ಹಗುರವೂ ಅಲ್ಲದ, ಭಾರವೂ ಅಲ್ಲದ, ಮಧ್ಯಮ ತೂಕದ ಆರ್ಮ್.

ಹಳೆಯ ಆರ್ಮ್‌ಗೆ ಏನಾಗಿತ್ತು? ಮೊದಲು ಪ್ರೊಟ್ರ್ಯಾಕ್ಟರ್ (ಕೋನ ನೋಡುವ ಗೆರೆಗಳ ಕಾಗದ) ಇಟ್ಟು ಕೋನ ಸರಿಪಡಿಸಿದೆ. ತಾನ್‌ಗಳ ಕರಕರ ಅರ್ಧಕ್ಕರ್ಧ ಹೋಯಿತು, ಅದೂ ಒಂದು ಕಾಗದದ ಪ್ರಿಂಟ್‌ಔಟ್ ಖರ್ಚಿನಲ್ಲಿ. ಆರ್ಮ್ ಬದಲಿಸಲು ಹೊರಟವರೆಲ್ಲ ಮೊದಲು ಇದನ್ನು ಮಾಡಿ ನೋಡಬೇಕು, ಎಷ್ಟೋ ಜನರಿಗೆ ಅಲ್ಲಿಗೇ ಸಾಕಾಗುತ್ತದೆ. ಉಳಿದರ್ಧ ಬಲಗಡೆಯ ಸ್ಪೀಕರಿನಲ್ಲೇ ಹೆಚ್ಚು ಕೇಳುತ್ತಿತ್ತು. ಇದು ಒಳ್ಳೆಯ ಸುಳಿವು. ಬಾಗಿದ ಹೆಡ್‌ಶೆಲ್ ಇರುವ ಆರ್ಮ್ ಘರ್ಷಣೆಯಿಂದ ಯಾವಾಗಲೂ ಒಳಕ್ಕೆ ಎಳೆಯಲ್ಪಡುತ್ತದೆ. ಆಗ ಸ್ಟೈಲಸ್ ಒಳಗೋಡೆಗೆ, ಅಂದರೆ ಎಡ ಚಾನೆಲ್ಲಿಗೆ ಒತ್ತಿಕೊಂಡು ಬಲ ಚಾನೆಲ್ಲಿನ ಹೊರಗೋಡೆಯನ್ನು ಸಡಿಲ ಬಿಡುತ್ತದೆ. ಅದನ್ನು ಹೊರಕ್ಕೆ ಎಳೆದು ಸರಿದೂಗಿಸಲು ಆ್ಯಂಟಿ-ಸ್ಕೇಟ್ ಇದೆ. ಎಷ್ಟು ತಿರುಗಿಸಿದರೂ ನನ್ನದು ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ. ಹೆಡ್‌ಶೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿದರೆ ಬುಡದಲ್ಲಿ ಟಿಕ್, ಟಿಕ್. ಬೇರಿಂಗ್ ಸವೆದಿತ್ತು. ಗ್ರೂವ್‌ನಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಓದುವ ಸ್ಟೈಲಸ್‌ನ ಇನ್ನೊಂದು ತುದಿ ಕೈಗೆ ತಿಳಿಯುವಷ್ಟು ಸಡಿಲವಿದ್ದರೆ, ಅದು ಯಾವ ಅಲುಗಾಟವನ್ನು ಸಂಗೀತ ಅನ್ನಬೇಕು?

ಹುಡುಕಾಟ ಶುರುವಾಯಿತು. ಟೋನ್ ಆರ್ಮ್ ಅಂದಕೂಡಲೇ ತಿಳಿದವರ ಬಾಯಲ್ಲಿ ಬರುವ ಹೆಸರು ಎಸ್‌ಎಂಇ. ಅಲಸ್ಟರ್ ರಾಬರ್ಟ್‌ಸನ್-ಐಕ್‌ಮನ್ 1946ರಲ್ಲಿ ಸಣ್ಣ ಅಳತೆಯ ಮಾದರಿಗಳ ಭಾಗ ಮಾಡಲು ಶುರು ಮಾಡಿದ ಕಂಪನಿ ಅದು, ಸ್ಕೇಲ್ ಮಾಡೆಲ್ ಇಕ್ವಿಪ್‌ಮೆಂಟ್ ಅಂತ ಹೆಸರು. ತನಗೇ ಬೇಕೆಂದು ಆತ ಮಾಡಿಕೊಂಡ ಆರ್ಮ್ 1959ರಲ್ಲಿ ಮಾರುಕಟ್ಟೆಗೆ ಬಂತು. ಹೆಡ್‌ಶೆಲ್ ತಿರುಗಿಸಿ ಸಿಕ್ಕಿಸುವ ನಾಲ್ಕು ಪಿನ್ನಿನ ಸಾಕೆಟ್ ಇವತ್ತು ಜಗತ್ತಿಗೆಲ್ಲ ಒಂದೇ ಆಗಿರುವುದು ಅವರ ಅಳತೆಯಿಂದ. ಅವರ ಹಳೆಯ 3009 ಮಾದರಿ ಚೆಲುವೆ, ಆದರೆ ಆಮೇಲಿನ ಹಗುರ ಮಾದರಿಗಳು ಎಪ್ಪತ್ತರ ದಶಕದ ತೀರಾ ಮೆತ್ತನೆಯ ಕಾರ್ಟ್ರಿಜ್‌ಗಳನ್ನು ಕಣ್ಣಮುಂದಿಟ್ಟುಕೊಂಡು ಮಾಡಿದವು. ಸೀರೀಸ್ ಫೈವ್ ನನ್ನ ಜೇಬಿಗೆ ದೂರ. ಮೇಲಾಗಿ 2019ರ ಕೊನೆಗೆ ಎಸ್‌ಎಂಇ ಆರ್ಮ್‌ಗಳನ್ನು ಬಿಡಿಯಾಗಿ ಮಾರುವುದನ್ನೇ ನಿಲ್ಲಿಸಿತು, ಅಂದಿನಿಂದ ಹಳೆಯವುಗಳ ಬೆಲೆ ಕೇಳುವ ಹಾಗಿಲ್ಲ. ಜಪಾನಿನ ಜೆಲ್ಕೊ ಒಂದು ಒಳ್ಳೆಯ ನಡುಬೆಲೆಯ ಆಯ್ಕೆಯಾಗಿತ್ತು. ಬೇರೆ ಬೇರೆ ಬ್ರಾಂಡುಗಳ ಆರ್ಮ್‌ಗಳನ್ನೂ ಅವರೇ ಮಾಡಿಕೊಡುತ್ತಿದ್ದರು. 1920ರಲ್ಲಿ ಶುರುವಾದ ಆ ಕಂಪನಿ ಸರಿಯಾಗಿ ನೂರು ತುಂಬಿಸಿ 2020ರಲ್ಲಿ ಬಾಗಿಲು ಹಾಕಿತು. ಹ್ಯಾಡ್‌ಕಾಕ್, ನೈಮ್ ಆರೋ ಥರದ ಯುನಿಪಿವಟ್‌ಗಳು ಒಂದೇ ಮೊನೆಯ ಮೇಲೆ ನಿಂತು ತೂಗುತ್ತವೆ. ಬೇರಿಂಗ್ ಸಡಿಲವಾಗುವ ಪ್ರಶ್ನೆಯೇ ಇಲ್ಲದ ಜಾಣ ಉಪಾಯ. ಆದರೆ ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ, ತೂಗಾಡುವುದೆಲ್ಲ ಅವಳಿಗೆ ಉಯ್ಯಾಲೆ.

ಉಳಿದದ್ದು ರೆಗಾ. ರಾಯ್ ಗ್ಯಾಂಡಿಯ ಕಂಪನಿ 1983ರಲ್ಲಿ ಆರ್‌ಬಿ300 ತಂದಾಗ ಮಾಡಿದ ಕೆಲಸ ನೋಡಿ: ಹೆಡ್‌ಶೆಲ್, ಕೊಳವೆ, ಬೇರಿಂಗ್ ಗೂಡು ಎಲ್ಲವನ್ನೂ ಒಂದೇ ಅಲ್ಯೂಮಿನಿಯಂ ಎರಕದಲ್ಲಿ ತೆಗೆದರು. ಜೋಡಿಸಿದ ಕಡೆಯೇ ಸಡಿಲವಾಗುವುದು ತಾನೆ, ಹಾಗಾದರೆ ಜೋಡಣೆಯೇ ಬೇಡ. ಬೇರೆ ಟರ್ನ್‌ಟೇಬಲ್ ತಯಾರಕರೂ ತಮ್ಮ ಡೆಕ್‌ಗಳಿಗೆ ಇದನ್ನೇ ಕೊಂಡು ಹಾಕಿದರು. ಕೊರತೆಗಳೂ ಇವೆ. ಹೆಡ್‌ಶೆಲ್ ಬಿಚ್ಚಲಾಗದು, ಎತ್ತರ ಹೊಂದಿಸಲು ಸ್ಕ್ರೂ ಇಲ್ಲ, ಅಡ್ಡ ಓರೆ ಸರಿಪಡಿಸಲು ಅವಕಾಶವಿಲ್ಲ. ವಾರಕ್ಕೊಂದು ಕಾರ್ಟ್ರಿಜ್ ಬದಲಿಸುವವರಿಗೆ ಇದು ಹಿಂಸೆ. ನಾನು ಒಂದೇ ಕಾರ್ಟ್ರಿಜ್‌ನೊಂದಿಗೆ ಸಂಸಾರ ಮಾಡುವವ, ಬಿಚ್ಚಲಾಗದ್ದು ನನಗೆ ಗುಣವಾಗಿಯೇ ಕಂಡಿತು. ಎಫೆಕ್ಟಿವ್ ಮಾಸ್ 11ರ ಆಸುಪಾಸು, ಲೆಕ್ಕಕ್ಕೆ ಹೇಳಿ ಮಾಡಿಸಿದ್ದು. ಬಳಸಿದ ಒಂದು ಆರ್‌ಬಿ300 ಇಂಗ್ಲೆಂಡಿನಲ್ಲಿ ಸಿಕ್ಕಿತು, ದೀಪಾವಳಿಗೆ ಬಂದ ತಂಗಿಯ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಬೆಂಗಳೂರಿಗೆ ಬಂತು.

ಆರ್ಮ್ ಬಂದರೆ ಸಾಲದು, ಕೂರಿಸಲು ಹೊಸ ಆರ್ಮ್‌ಬೋರ್ಡ್ ಬೇಕು. ಸ್ಪಿಂಡಲ್‌ನ ನಡುವಿನಿಂದ ಆರ್ಮ್‌ನ ಕೀಲಿಗೆ 222 ಮಿಲಿಮೀಟರ್. ವಿಎಂ540 ರೆಗಾದ ಸ್ವಂತ ಕಾರ್ಟ್ರಿಜ್‌ಗಳಿಗಿಂತ ಎತ್ತರ, ಹಾಗಾಗಿ ಸ್ಪೇಸರ್ ಹಾಕುವ ಬದಲು ಬೋರ್ಡನ್ನೇ 2 ಮಿಲಿಮೀಟರ್ ಹೆಚ್ಚು ದಪ್ಪ ಮಾಡಿಸೋಣ ಅಂದುಕೊಂಡೆ. ಡ್ರಾಯಿಂಗ್ ಹಿಡಿದು ಪೀಣ್ಯದ ಒಂದು ಮಷೀನ್ ಶಾಪಿಗೆ ಹೋದೆ.

"ಟಾಲರೆನ್ಸ್ ಎಷ್ಟು ಬಿಡ್ಲಿ ಸಾರ್?"

"ಅರ್ಧ ಎಂಎಂ ಒಳಗಿದ್ರೆ ಸಾಕು."

ಅವರು ಡ್ರಾಯಿಂಗಿನಿಂದ ತಲೆ ಎತ್ತಿ ನನ್ನನ್ನು ನೋಡಿದರು. "ಅರ್ಧ ಎಂಎಂಗೆ ಇಲ್ಲಿವರ್ಗೂ ಬಂದ್ರಾ ಸಾರ್? ನಾವು ಪಾಯಿಂಟ್ ಝೀರೋ ಫೈವ್‌ನಲ್ಲಿ ಕೆಲ್ಸ ಮಾಡೋರು. ಬಡಗಿನೇ ಮಾಡ್ಕೊಡ್ತಿದ್ದ."

ಮಾಡಿಕೊಟ್ಟರು, ಅಲ್ಯೂಮಿನಿಯಂ ತುಂಡಿನಲ್ಲಿ, ಅಂಚೆಲ್ಲ ನುಣ್ಣಗೆ ಮುರಿದು. ಆರ್‌ಬಿ300ಗೆ ಒಂದೇ ದೊಡ್ಡ ತೂತು, ಕೆಳಗಿನಿಂದ ಒಂದು ನಟ್, ಅಷ್ಟೇ.

ಕಾರ್ಟ್ರಿಜ್ ಕೂರಿಸುವುದೇ ನಿಜವಾದ ಕೆಲಸ. ನಾಲ್ಕು ತಂತಿ, ಕೂದಲಿಗಿಂತ ಸ್ವಲ್ಪ ದಪ್ಪ. ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ತುದಿಯ ಪುಟಾಣಿ ಕ್ಲಿಪ್ಪನ್ನು ಚಿಮುಟದಲ್ಲಿ ಹಿಡಿದು ಪಿನ್ನಿಗೆ ತಳ್ಳಬೇಕು. ತಂತಿಯನ್ನು ಹಿಡಿದು ತಳ್ಳಿದರೆ ಬೆಸುಗೆ ಕಿತ್ತು ಬರುತ್ತದೆ, ಕ್ಲಿಪ್ ಸಡಿಲವಿದ್ದರೆ ಹಲ್ಲುಕಡ್ಡಿಯ ಸುತ್ತ ಒತ್ತಿ ಬಿಗಿ ಮಾಡಿಕೊಳ್ಳಬೇಕು. ಅಷ್ಟು ಹೊತ್ತೂ ಸ್ಟೈಲಸ್‌ನ ಪ್ಲಾಸ್ಟಿಕ್ ಟೋಪಿ ತೆಗೆಯಬಾರದು. ಆಮೇಲೆ ಓವರ್‌ಹ್ಯಾಂಗ್. 222ಕ್ಕೆ ಸ್ಟೀವನ್ಸನ್ ಲೆಕ್ಕ ಹಾಕಿದರೆ ಸ್ಟೈಲಸ್ ಸ್ಪಿಂಡಲ್ ದಾಟಿ 15.4 ಮಿಲಿಮೀಟರ್ ಚಾಚಬೇಕು, ಲೋಫ್‌ಗ್ರೆನ್ ಆದರೆ 17.3. ಅದರ ಜೊತೆಗೆ ಕೋನದಲ್ಲಿ ಒಂದು ಡಿಗ್ರಿ ವ್ಯತ್ಯಾಸ. ಇಷ್ಟೆಲ್ಲ ಗಣಿತದ ಜಗಳ ಹೆಡ್‌ಶೆಲ್‌ನ ಸೀಳಿನಲ್ಲಿ ಎರಡು ಮಿಲಿಮೀಟರ್ ಹಿಂದೋ ಮುಂದೋ ಅನ್ನುವುದಕ್ಕೆ. ರೆಗಾ ಸ್ವತಃ ಹೇಳುವುದು 15, ಸ್ಟೀವನ್ಸನ್ ಪಕ್ಕದ ಮನೆಯೇ. ನಾನು 15.4ಕ್ಕೆ ನಿಲ್ಲಿಸಿದೆ. ಒತ್ತಡಕ್ಕೆ ಆರ್‌ಬಿ300ರಲ್ಲಿ ಸ್ಪ್ರಿಂಗಿನ ಡಯಲ್ ಇದೆ. ಆ ಸ್ಪ್ರಿಂಗನ್ನು ಆಟದಿಂದ ಹೊರಗಿಡಬೇಕೆಂದರೆ ಡಯಲನ್ನು 3ಕ್ಕೆ ತಿರುಗಿಸಿಟ್ಟು, ಹಿಂದಿನ ತೂಕವನ್ನೇ ಸರಿಸಿ ಹೊಂದಿಸಬೇಕು. ಚಿನ್ನ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ 2.00 ಬರುವವರೆಗೆ ಹಾಗೇ ಮಾಡಿದೆ.

ಕೇಳಿದಾಗ ಏನಾಯಿತು? ಕಾರ್ಟ್ರಿಜ್ ಅದೇ, ಆಂಪ್ಲಿಫೈಯರ್ ಅದೇ, ರೆಕಾರ್ಡೂ ಅದೇ. ಬಾಸ್ ಆಳವಾಯಿತು, ವೇದಿಕೆ ಅಗಲವಾಯಿತು ಅಂತೆಲ್ಲ ನಾನು ಬರೆಯಲಾರೆ, ನನಗೆ ಕೇಳಿಸಲಿಲ್ಲ. ಕೇಳಿಸಿದ್ದು ಮೂರು. ಬಲಗಡೆಯ ಕರಕರ ಹೋಯಿತು. ಮನ್ಸೂರರ ತಾನ್‌ಗಳಲ್ಲಿ ಸ್ವರ ಸ್ವರದ ನಡುವೆ ಅಂಚು ಕಾಣತೊಡಗಿತು. ಜೈಪುರ ಘರಾಣೆಯ ಆ ಸುತ್ತಿ ಸುತ್ತಿ ಬರುವ ವಕ್ರ ತಾನ್‌ಗಳು ಅಂಚಿಲ್ಲದಿದ್ದರೆ ಬರೀ ಗದ್ದಲ. ಮೂರನೆಯದು ನಾನು ಎಣಿಸಿರದ್ದು: ತಾನ್ ನಡೆಯುವಾಗಲೂ ಹಿಂದಿನ ತಂಬೂರಿ ಹಾಗೇ ನಿಂತಿತ್ತು. ಮುಂಚೆ ದನಿ ಜೋರಾದ ಕಡೆಯೆಲ್ಲ ಅದು ಕಲಸಿಹೋಗುತ್ತಿತ್ತು.

ಇಲ್ಲಿಂದ ಮುಂದೆಯೂ ಖರ್ಚು ಮಾಡುವವರಿಗೆ ದಾರಿ ಧಾರಾಳವಿದೆ. ರೆಗಾ ಆರ್ಮ್‌ಗಳ ಸುತ್ತ ಒಂದು ಗೃಹಕೈಗಾರಿಕೆಯೇ ಬೆಳೆದಿದೆ. ಆರ್ಮ್‌ನ ಹಿಂದಿನ ತೂಕವನ್ನು ಗ್ರೂವ್‌ನ ಮಟ್ಟಕ್ಕೆ ಇಳಿಸಿ ಜೋತುಬಿಡುವ ಕೌಂಟರ್‌ವೇಟ್‌ಗಳು, ಬೆಳ್ಳಿಯ ತಂತಿ, ಕೊಳವೆಗೆ ತೂತು ಕೊರೆಯುವ ಸೇವೆ. ಇವುಗಳಲ್ಲಿ ತಗ್ಗಿಸಿದ ಕೌಂಟರ್‌ವೇಟ್ ಹಿಂದೆ ಭೌತಶಾಸ್ತ್ರ ಇದೆ: ಬಾಗಿದ ರೆಕಾರ್ಡಿನ ಮೇಲೆ ಆರ್ಮ್ ಏರಿಳಿಯುವಾಗ ಒತ್ತಡ ಅಷ್ಟಾಗಿ ಬದಲಾಗುವುದಿಲ್ಲ. ಬೆಳ್ಳಿಯ ತಂತಿ ಬಗ್ಗೆ ನನ್ನದು ಗುಮಾನಿಯೇ. ಆ ದುಡ್ಡಲ್ಲಿ ರೆಕಾರ್ಡು ತೊಳೆಯುವ ಯಂತ್ರ ಬರುತ್ತದೆ, ಅದರ ಫಲ ಕಿವುಡನಿಗೂ ಕೇಳುತ್ತದೆ. ಹೊಸದೇ ಬೇಕೆನ್ನುವವರು ಈಗಿನ ಆರ್‌ಬಿ330 ನೋಡಬಹುದು. ಅದು ಮೂರು ಸ್ಕ್ರೂಗಳ ಮೇಲೆ ಕೂರುತ್ತದೆ, ಹಳೆಯ ಒಂದೇ ತೂತಿನ ಬೋರ್ಡಿಗೆ ಹೊಂದುವುದಿಲ್ಲ, ಪೀಣ್ಯಕ್ಕೆ ಇನ್ನೊಮ್ಮೆ ಹೋಗಬೇಕಾಗುತ್ತದೆ.

ಆರ್ಮ್ ಬದಲಿಸಿದರೂ ಸರಿಹೋಗದ ರೆಕಾರ್ಡುಗಳು ಕೆಲವು ಉಳಿದಿವೆ. ಐದಾರು ಗ್ರಾಮ್ ಒತ್ತಡದ ಸೂಟ್‌ಕೇಸ್ ಪ್ಲೇಯರುಗಳಲ್ಲಿ ವರ್ಷಗಟ್ಟಲೆ ಓಡಿದ ಪ್ಲೇಟುಗಳಲ್ಲಿ ಒಳ ಸುತ್ತುಗಳ ಗೋಡೆಯನ್ನು ಮುಳ್ಳು ಕೆರೆದು ಹಾಕಿರುತ್ತದೆ. ಮೈಕ್ರೋಲೀನಿಯರ್ ತುದಿ ಹಳೆಯ ಮುಳ್ಳು ಮುಟ್ಟದ ಆಳಕ್ಕೆ ಇಳಿದು ಕೆಲವನ್ನು ಬದುಕಿಸುತ್ತದೆ, ಎಲ್ಲವನ್ನೂ ಅಲ್ಲ. ಗಂಗೂಬಾಯಿಯವರ ಒಂದು ಎಲ್‌ಪಿಯ ಎರಡನೇ ಸೈಡ್ ಹಾಗಾಗಿದೆ. ಬೆಳಕಿಗೆ ಹಿಡಿದರೆ ಒಳಗಿನ ಎರಡು ಬೆರಳಗಲ ಬೂದು ಬಣ್ಣಕ್ಕೆ ತಿರುಗಿರುವುದು ಬರಿಗಣ್ಣಿಗೇ ಕಾಣುತ್ತದೆ. ಅದರದ್ದೇ ಇನ್ನೊಂದು ಪ್ರತಿ ಹುಬ್ಬಳ್ಳಿಯಲ್ಲಿ ಒಬ್ಬರ ಹತ್ತಿರ ಇದೆಯಂತೆ. ಮಾರುತ್ತಾರೋ ಇಲ್ಲವೋ, ಮಾವ ವಿಚಾರಿಸುತ್ತಿದ್ದಾರೆ.